ತಾನೇ ಎತ್ತಿದ ಫೋನು

ಮೊನ್ನೆ ಕಾಳಿನ ಪೇಟೆಯಾದ ಗಾಂಧಿ ಗಂಜಿನ ಅಡತಿ ಅಂಗಡಿಯೊಂದರಿಂದ ಹಳೆಯ ಸಿಪಿಯು ಡಬ್ಬಿಯೊಂದು ರಿಪೇರಿಗೆಂದು ನನ್ನ ಟೇಬಲ್ಲಿಗೆ ಬಂತು. ಬೀದರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನ ನೌಕರಿ. ಸಂಜೆ ಮನೆಗೆ ಬಂದ ಮೇಲೆ ಇಂಥ ಡಬ್ಬಿಗಳ ಹೊಟ್ಟೆ ಬಿಚ್ಚಿ ನೋಡುವುದು ಹಳೆಯ ಚಟ. ಮುಚ್ಚಳ ತೆಗೆದು ಬ್ಲೋವರ್ ಹಿಡಿದದ್ದೇ ತಡ, ತೊಗರಿ ಹೊಟ್ಟಿನ ಧೂಳು ಮುಖಕ್ಕೆ ರಾಚಿತು. ಕಾದ ಪ್ಲಾಸ್ಟಿಕ್, ಒಣ ಮಣ್ಣು, ತೊಗರಿ ಮೂರೂ ಕೂಡಿದ ಆ ವಾಸನೆಗೆ ಸೀನು ಬರುವ ಬದಲು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿಕೊಂಡರೆ, ಶರಣಪ್ಪ ಸಾವುಕಾರರ ಮೇಲೆ. ಅವರ ಭಾಲ್ಕಿಯ ಅಂಗಡಿಯಲ್ಲಿ ನಾನು ಕೆಲಸ ಮಾಡಿದ್ದು ಒಂದೇ ಒಂದು ಬೇಸಿಗೆ. ಅದು ಬರಗಾಲದ ಬೇಸಿಗೆ.

ನಾನಾಗ ಡಿಪ್ಲೊಮಾ ಮುಗಿಸಿದ ಹುಡುಗಿ. ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೊದ ಕೆಳಗೆ ನಾನೇ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್ ಇತ್ತು. ಬಂದ ನೆಂಟರಿಗೆಲ್ಲ ಅಪ್ಪ ಮೊದಲು ಬುದ್ಧನನ್ನು ತೋರಿಸಿ ಆಮೇಲೆ ಅದನ್ನು ತೋರಿಸುತ್ತಿದ್ದ. ಕಂಪ್ಯೂಟರ್ ಪತ್ರಿಕೆಗಳನ್ನು ರದ್ದಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದು ಓದುತ್ತಿದ್ದೆ. ಒಂದು ಯಂತ್ರದ ಬೆಲೆ ಅದರೊಳಗಿನ ಪ್ರೊಸೆಸರು, ರ‍್ಯಾಮು, ತಂತಿಗಳ ಶಿಸ್ತಿನಲ್ಲಿದೆ ಎಂಬುದು ನನ್ನ ಧರ್ಮ. ಮೇಲಿನ ಬಣ್ಣ ನೋಡಿ ಮರುಳಾಗುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಶರಣಪ್ಪ ಸಾವುಕಾರರು ಹಾಗೆ ಮರುಳಾಗುವವರ ಪೈಕಿ ದೊಡ್ಡ ಮನುಷ್ಯರು. ಗಾಂಧಿ ಗಂಜಿನಲ್ಲಿ ಅವರ ತಲೆಮಾರಿನ ಅಡತಿ ವ್ಯಾಪಾರ. ಎರಡು ವರ್ಷ ಮಳೆ ಕೈಕೊಟ್ಟು ಗಂಜಿಗೆ ತೊಗರಿ, ಉದ್ದು ಬರುವುದು ನಿಂತಾಗ, ಖಾಲಿ ಗೋದಾಮಿನೊಳಗೆ ಕೂತು ಬೇಸತ್ತ ಸಾವುಕಾರರಿಗೆ ಜ್ಞಾನೋದಯವಾಯಿತು. ಇನ್ನು ಮುಂದಿನ ಕಾಲ ಕಾಳಿನದಲ್ಲ, ಕಂಪ್ಯೂಟರಿನದು. ಭಾಲ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಳೆಯ ಎಸ್‌ಟಿಡಿ ಬೂತನ್ನು ಫೋನು, ನಂಬರು ಸಮೇತ ಕೊಂಡು, ಗೋಡೆಗೆ ನೀಲಿ ಬಣ್ಣ ಹೊಡೆಸಿ, ಹೈಟೆಕ್ ಎಂದು ಬೋರ್ಡು ಹಾಕಿದರು. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಮತ್ತು ನಾನು. ನಾನು ಅಲ್ಲೇ ಭಾಲ್ಕಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ. ಸಾವುಕಾರರು ಮಾತಿಗೆ ಮೆತ್ತನೆಯವರು, ಹಣೆಗೆ ವಿಭೂತಿ ತಪ್ಪಿಸಿದವರಲ್ಲ, ಯಾರಿಗೂ ಕೇಡು ಬಯಸಿದವರೂ ಅಲ್ಲ. ಹೊಸದು ಎಂದರೆ ಸಾಕು, ಅವರಿಗೆ ಬುದ್ಧಿ ನಿಲ್ಲುತ್ತಿರಲಿಲ್ಲ, ಅಷ್ಟೇ.

ಆಗ ಹೊಸದು ಎಂದರೆ ಡೆಸ್ಕ್‌ಟಾಪ್ ಗ್ಯಾಜೆಟ್. ಪರದೆಯ ಬಲಗಡೆ ಸಾಲಾಗಿ ಕೂರುವ ಸಣ್ಣ ಸಣ್ಣ ಆಟಿಕೆಗಳು. ಕೆಳಗೆ ಮೂಲೆಯಲ್ಲಿ ಕಂಪ್ಯೂಟರೇ ಸಮಯ ತೋರಿಸುತ್ತಿದ್ದರೂ ಮೇಲೊಂದು ಮುಳ್ಳಿನ ಗಡಿಯಾರ. ಯಂತ್ರ ಎಷ್ಟು ದುಡಿಯುತ್ತಿದೆ ಎಂದು ತೋರಿಸಲು ಮೋಟಾರ್ ಸೈಕಲ್ಲಿನದರಂಥ ಒಂದು ಮೀಟರು. ಆ ಮೀಟರನ್ನು ಓಡಿಸುವುದರಲ್ಲೇ ಯಂತ್ರದ ಅರ್ಧ ಜೀವ ಹೋಗುತ್ತಿತ್ತು. ಒಂದು ಮೀನಿನ ತೊಟ್ಟಿ. ಒಂದು ಚಿತ್ರಮಾಲೆ, ಅದರಲ್ಲಿ ಯಾವುದೋ ದೇಶದ ಜಲಪಾತಗಳು ಒಂದಾದ ಮೇಲೊಂದು ಧುಮುಕುತ್ತಿದ್ದವು. ಹೊರಗೆ ರಸ್ತೆಯಲ್ಲಿ ಹೆಂಗಸರು ಟ್ಯಾಂಕರಿನ ದಾರಿ ಕಾಯುತ್ತ ಕೊಡಗಳನ್ನು ಸಾಲಿಗೆ ಇಟ್ಟು, ನೆರಳಿಗೆಂದು ನಮ್ಮ ಕಟ್ಟೆಗೆ ಬಂದು ಕೂತು, ಗಾಜಿನ ಆಚೆಯಿಂದ ಆ ಜಲಪಾತ ನೋಡುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಕಟ್ಟಿದವರು ಆ ಪರದೆ ನೋಡಿಯೇ ಕಟ್ಟಿರಬೇಕು.

ಎಲ್ಲಕ್ಕಿಂತ ನಾಚಿಕೆಗೇಡಿನದು ಹವಾಮಾನದ ಗ್ಯಾಜೆಟ್ಟು. ಭಾಲ್ಕಿ ಎಂಬ ಊರು ಇದೆಯೆಂದೇ ಅದಕ್ಕೆ ಗೊತ್ತಿರಲಿಲ್ಲ, ಹಾಗಾಗಿ ಸಾವುಕಾರರು ಹೈದರಾಬಾದ್ ಎಂದು ಇಟ್ಟರು. ಒಂದು ಮಧ್ಯಾಹ್ನ ಅಲ್ಲಿ ನಾಲ್ಕು ಹನಿ ಬಿದ್ದಿರಬೇಕು, ಮೋಡ ಮತ್ತು ಹನಿಯ ಚಿತ್ರ ಮೂಡಿತು. ಅಷ್ಟರಲ್ಲಿ ನೆಟ್ ಹೋಯಿತು. ಮುಂದೆ ವಾರಗಟ್ಟಲೆ ಆ ಹನಿ ಹಾಗೇ ಉಳಿಯಿತು. ಮಾಂಜ್ರಾ ನದಿಯ ಮರಳಿನಲ್ಲಿ ಲಾರಿಗಳು ಓಡಾಡುತ್ತಿದ್ದ ಕಾಲಕ್ಕೆ ನಮ್ಮ ಪರದೆಯಲ್ಲಿ ಮಾತ್ರ ಸದಾ ಮಳೆ. ಫೋಟೊ ಪ್ರಿಂಟಿಗೆ ಬಂದ ಔರಾದ ಕಡೆಯ ಮುದುಕನೊಬ್ಬ ಅದನ್ನು ಬಹಳ ಹೊತ್ತು ನೋಡಿ, ನಿಮ್ಮ ಡಬ್ಬಿಯೊಳಗೆ ಮಳೆ ಚಲೋ ಆಗಿದೆ, ನಮ್ಮ ಕಡೆಗೂ ಒಂದಿಷ್ಟು ಕಳಿಸಿರಿ ಎಂದು ಹೇಳಿ ಹೋದ. ಸಾವುಕಾರರು ಅದನ್ನು ಹೊಗಳಿಕೆ ಎಂದೇ ತಿಳಿದರು.

ಹೈದರಾಬಾದಿನ ಯಾವುದೋ ಕಂಪ್ಯೂಟರ್ ಮೇಳಕ್ಕೆ ಹೋಗಿ ಬಂದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಬರಲಿರುವ ತಂತ್ರಜ್ಞಾನದ ಬಗ್ಗೆ ದಿನಾ ನನಗೆ ಪ್ರವಚನ. ಹಾಲು ಮುಗಿದರೆ ತಾನೇ ಅಂಗಡಿಗೆ ಹೇಳಿ ತರಿಸುವ ಫ್ರಿಜ್ಜು ಬರುತ್ತದಂತೆ. ಕನ್ನಡಕ ಹಾಕಿಕೊಂಡರೆ ಟೀವಿಯೊಳಗಿನ ಆನೆ ಹೊರಗೆ ಸೊಂಡಿಲು ಚಾಚುತ್ತದಂತೆ. ಮನುಷ್ಯರ ಬದಲು ಕಂಪ್ಯೂಟರೇ ಫೋನಿನಲ್ಲಿ ಮಾತಾಡುತ್ತದಂತೆ. ನಾನು ಕೇಳಿದೆ, ಹಾಲಿಗೆ ಎಮ್ಮೆ ಬೇಕಲ್ಲರಿ, ಎಮ್ಮೆಗೆ ಮೇವು ಬೇಕಲ್ಲರಿ, ಫ್ರಿಜ್ಜಿಗೆ ಕರೆಂಟ್ ಬೇಕಲ್ಲರಿ ಎಂದು. ನೀನು ಬರೀ ಅಡ್ಡ ಮಾತಾಡುತ್ತೀ ಎಂದರು. ಬರುವ ಕಾಲದ ಬಗ್ಗೆ ನನಗೂ ಲೆಕ್ಕಾಚಾರ ಇತ್ತು. ತಿರುಗುವ ಹಾರ್ಡ್ ಡಿಸ್ಕಿನ ಕಾಲ ಮುಗಿಯುತ್ತದೆ, ಫೋನುಗಳು ಅಗ್ಗವಾಗಿ ನಮ್ಮಂಥ ಅಂಗಡಿಗಳನ್ನು ನುಂಗುತ್ತವೆ, ಈ ಗ್ಯಾಜೆಟ್‌ಗಳು ಹೇಳಹೆಸರಿಲ್ಲದೆ ಹೋಗುತ್ತವೆ ಎಂದು ಆಗಲೇ ಹೇಳಿದ್ದೆ. ಹಾಗೇ ಆಯಿತು. ಗ್ಯಾಜೆಟ್‌ಗಳನ್ನು ಮಾಡಿದವರೇ ಮುಂದೆ ಅವನ್ನು ಕಿತ್ತುಹಾಕಿ ಎಂದು ಹೇಳಿದ ದಿನ ನಾನು ಚಿಕ್ಕಮ್ಮನ ಮನೆಗೆ ಪೇಢೆ ಒಯ್ದಿದ್ದೆ.

ಆ ಅಂಗಡಿಯಲ್ಲಿ ನನಗೆ ನಿಜವಾಗಿ ಗೌರವವಿದ್ದ ತಂತ್ರಜ್ಞಾನ ಒಂದೇ. ಅದು ಮೂಲೆಯ ಹಳೆಯ ಕಪ್ಪು ಫೋನಿನದು. ಬೂತು ಇದ್ದ ಕಾಲದಿಂದ ಆ ನಂಬರು ಸುತ್ತಲಿನ ಹಳ್ಳಿಗಳ ಬಾಯಿಪಾಠ. ಆ ವರ್ಷ ಭಾಲ್ಕಿ, ಔರಾದ ಕಡೆಯ ಅರ್ಧ ಜನ ಸ್ಟೋವು, ಟ್ರಂಕು, ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿ ಹೈದರಾಬಾದಿಗೋ ಪುಣೆಗೋ ಹೋಗಿದ್ದರು. ಕಟ್ಟಡದ ಕೆಲಸಕ್ಕೆ ಹೋದವರ ಹತ್ತಿರ ಫೋನು ಇದ್ದರೂ ಚಾರ್ಜಿಗೆ ಜಾಗವಿರಲಿಲ್ಲ, ಊರಲ್ಲಿ ಉಳಿದವರ ಹತ್ತಿರ ಫೋನು ಇದ್ದರೂ ಕರೆಂಟ್ ಇರಲಿಲ್ಲ. ಅದಕ್ಕೆ ಅವರು ನಮ್ಮ ಫೋನಿಗೆ ಗಂಟೆ ಬಡಿಸಿ ಬಿಡುತ್ತಿದ್ದರು. ಕಾಯಿನ್ ಬಾಕ್ಸಿನಿಂದ ಬಡಿಸಿದರೆ, ಈ ಕಡೆ ಎತ್ತದಿದ್ದರೆ, ಹಾಕಿದ ರೂಪಾಯಿ ಟಣ್ ಎಂದು ವಾಪಸು ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ಒಂದೊಂದು ಬಗೆ. ಗಂಟೆಯ ಮೇಲಿಂದಲೇ ಇದು ಯಾರದು, ಏನು ಎಂದು ತಿಳಿದು ನಾನು ಆ ಊರಿಗೆ ಹೋಗುವ ಟಂಟಂ ಗಾಡಿಯವನಿಗೆ ಹೇಳಿ ಕಳಿಸುತ್ತಿದ್ದೆ. ಒಂದು ಪೈಸೆ ಖರ್ಚಿಲ್ಲದೆ ಸುದ್ದಿ ಮುಟ್ಟುತ್ತಿತ್ತು. ಯಾವ ಕಂಪನಿಯ ಎಂಜಿನಿಯರೂ ಇಷ್ಟು ಚಂದದ ವ್ಯವಸ್ಥೆ ಕಟ್ಟಿದ್ದನ್ನು ನಾನು ಪತ್ರಿಕೆಯಲ್ಲಿ ಓದಿರಲಿಲ್ಲ.

ಅದರಲ್ಲಿ ಒಂದು ಕಟುವಾದ ನಿಯಮವೂ ಇತ್ತು. ಊರಿಗೆ ಬರಲೇ ಎಂದು ಕೇಳಲಿಕ್ಕೆ ಅಲ್ಲಿಂದ ಗಂಟೆ ಬಡಿಸಿದಾಗ, ಅದು ಪೂರ್ತಿ ಬಡಿದು ನಿಂತರೆ ಬಾ ಎಂದು. ಈ ಕಡೆಯಿಂದ ಎತ್ತಿಬಿಟ್ಟರೆ, ಬರಬೇಡ ಎಂದು. ಎತ್ತಿದರೆ ಆ ಕಡೆಯವರ ರೂಪಾಯಿ ಹೋಗುತ್ತದೆ, ಆದ್ದರಿಂದ ಸುಮ್ಮನೆ ಯಾರೂ ಎತ್ತುವುದಿಲ್ಲ. ಕೆಟ್ಟ ಸುದ್ದಿಗೆ ಮಾತ್ರ ಅಷ್ಟು ಖರ್ಚು. ಆ ಬೇಸಿಗೆಯಲ್ಲಿ ಹಳ್ಳಿಯವರು ಬಂದು, ನಮ್ಮ ಹುಡುಗನ ಗಂಟೆ ಬಂದರೆ ಎತ್ತಿಬಿಡವ್ವ, ಟ್ಯಾಂಕರ್ ಬಂದಿಲ್ಲ, ಬಂದವರಿಗೆ ಕುಡಿಯಲು ಕೊಡುವುದೇನು ಎಂದು ನನಗೆ ಹೇಳಿ ಹೋಗುತ್ತಿದ್ದರು. ನಾನು ಎತ್ತಿ, ಮಾತಾಡದೆ, ಇಡುತ್ತಿದ್ದೆ. ಆ ಕಡೆಯವರೂ ಮಾತಾಡುತ್ತಿರಲಿಲ್ಲ. ಆ ಕೆಲಸ ಮಾಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಹಲಬರ್ಗಾದ ಗುಂಡಮ್ಮ ಅಂಥ ಮಾತು ಹೇಳಲು ಬಂದವಳಲ್ಲ. ಸಾಲಿಯಲ್ಲಿ ಬಿಸಿಯೂಟ ಬೇಯಿಸುವ ಗಟ್ಟಿ ಹೆಂಗಸು, ಬರಗಾಲವೆಂದು ಆ ವರ್ಷ ಬೇಸಿಗೆ ರಜೆಯಲ್ಲೂ ಒಲೆ ಹೊತ್ತಿಸುತ್ತಿದ್ದಳು. ಅವಳ ಮಗಳು ಸುನಿತಾಳನ್ನು ಔರಾದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು. ಗಂಡ ಅಶೋಕನ ಜೊತೆ ಅವಳೂ ಹೈದರಾಬಾದಿನಲ್ಲಿ ಇಟ್ಟಂಗಿ ಹೊರುತ್ತಿದ್ದಳು, ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ಅದರಲ್ಲಿ ಬರಗಾಲ ಸುಕಾಲ ಎಂಬ ಮಾತಿಲ್ಲ ಎಂದು ಗುಂಡಮ್ಮ ನನಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಮನೆಯ ಹಿಂದೆ ಎರಡು ಡ್ರಮ್ಮು ನೀರು ತುಂಬಿಸಿ, ಮುಚ್ಚಿ, ಮೇಲೆ ಕಲ್ಲು ಹೇರಿದ್ದಳು. ಅದನ್ನು ಬಾಣಂತಿಗೆ ಬಿಟ್ಟು ಯಾರಿಗೂ ಮುಟ್ಟಗೊಡಳು. ಅಂಟಿನ ಉಂಡಿ ಕಟ್ಟಿಟ್ಟಿದ್ದಳು. ಸುನಿತಾ ಹೊರಡುವ ಬೆಳಿಗ್ಗೆ ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನಿಂದ ಒಂದು ಸಲ ಗಂಟೆ ಪೂರ್ತಿ, ಹಿಂದೆಯೇ ಇನ್ನೊಂದು ಸಲ ಅರ್ಧಕ್ಕೆ ನಿಲ್ಲುವಂತೆ ಬಡಿಸಬೇಕು. ನಾನು ಹಲಬರ್ಗಾಕ್ಕೆ ಹೇಳಿ ಕಳಿಸಬೇಕು. ಗುಂಡಮ್ಮ ಗಾಡಿ ಮಾಡಿಕೊಂಡು ಭಾಲ್ಕಿ ಸ್ಟೇಷನ್ನಿಗೆ ಬರಬೇಕು.

"ನಂದು ಬಂದ್ರ ಎತ್ತಬ್ಯಾಡವ್ವ, ಕೈ ತಪ್ಪಿನೂ ಎತ್ತಬ್ಯಾಡ," ಎಂದಳು ಹೋಗುವಾಗ.

ನಾನು ಎತ್ತುವುದಿಲ್ಲ ಎಂದೆ. ನಾನು ಎತ್ತಲೂ ಇಲ್ಲ.

ಸಾವುಕಾರರು ಮೇಳದಿಂದ ತಂದ ಒಂದು ಪೆಟ್ಟಿಗೆ ಬಹಳ ದಿನದಿಂದ ಅಲಮಾರಿಯಲ್ಲಿತ್ತು. ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸೇರಿಸುವ ಮೋಡೆಮ್ಮು, ಅದರ ಜೊತೆ ಒಂದು ಗ್ಯಾಜೆಟ್ಟು. ಪರದೆಯ ಮೇಲೆ ಕೆಂಪು ಫೋನಿನ ಚಿತ್ರ ಕೂರುತ್ತದೆ, ಕರೆ ಬಂದರೆ ಚಿತ್ರ ಕುಣಿಯುತ್ತದೆ, ಎರಡನೇ ಗಂಟೆಗೆ ಕಂಪ್ಯೂಟರೇ ಎತ್ತಿ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ, ನಿಮ್ಮ ಸಂದೇಶ ಬಿಡಿ ಎನ್ನುತ್ತದೆ. ಅದನ್ನು ಹಚ್ಚು ಎಂದು ಅವರು ಹೇಳಿದಾಗಲೆಲ್ಲ ನಾನು ಬೇಡ ಎಂದಿದ್ದೆ. ಗಂಟೆಯ ನಿಯಮವನ್ನು ಬಿಡಿಸಿ ಬಿಡಿಸಿ ಹೇಳಿದ್ದೆ. ಎತ್ತಿದರೆ ಏನರ್ಥ ಎಂದೂ ಹೇಳಿದ್ದೆ. ಅವರು ನಕ್ಕು, ಫುಕಟ್ ಗಂಟೆ ಬಡಿಸುವುದಕ್ಕೆ ನೀನು ಶಾಸ್ತ್ರ ಬೇರೆ ಹೇಳುತ್ತೀ, ಜನ ಕಲಿಯಬೇಕು, ಕಾಲ ನಿಲ್ಲುತ್ತದೇನು ಎಂದಿದ್ದರು.

ಒಂದು ದಿನ ಪವರ್ ಸಪ್ಲೈ ಸುಟ್ಟಿತೆಂದು ಹೊಸದು ತರಲು ನನ್ನನ್ನು ಬೀದರಿಗೆ ಕಳಿಸಿದರು. ರಾತ್ರಿ ಮನೆಯಲ್ಲಿದ್ದು ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ. ಸಾವುಕಾರರು ಬಾಗಿಲಲ್ಲೇ ನಿಂತಿದ್ದರು, ಮುಖದ ತುಂಬ ನಗು. ಗಂಜಿನಿಂದ ಯಾವುದೋ ಹುಡುಗನನ್ನು ಕರೆಸಿ ಪೆಟ್ಟಿಗೆ ಬಿಚ್ಚಿಸಿದ್ದರು. ಪರದೆಯ ಮೇಲೆ, ಮಳೆಯ ಹನಿ ಮತ್ತು ಮೀನಿನ ತೊಟ್ಟಿಯ ನಡುವೆ, ಕೆಂಪು ಫೋನು ಕೂತಿತ್ತು. ಎಷ್ಟು ಕರೆಗಳನ್ನು ಇದು ಒಂದೇ ಬೆಳಿಗ್ಗೆ ಎತ್ತಿದೆ ನೋಡು, ನೀನಿದ್ದಾಗ ಒಂದನ್ನೂ ಎತ್ತುತ್ತಿರಲಿಲ್ಲ ಎಂದು ನನ್ನನ್ನೇ ಹಂಗಿಸಿದರು.

ಕೂತು ಒಂದೊಂದೇ ರೆಕಾರ್ಡು ಕೇಳಿದೆ. ಸಂದೇಶ ಬಿಟ್ಟವರು ಯಾರೂ ಇರಲಿಲ್ಲ. ಒಂದರಲ್ಲಿ ಲಾರಿಯ ಹಾರನ್ನು. ಒಂದರಲ್ಲಿ ಗಂಡಸೊಬ್ಬ ಹಲೋ ಹಲೋ ಎಂದು ಹೇಳಿ ಬೈದು ಇಟ್ಟಿದ್ದ. ಇನ್ನೊಂದರಲ್ಲಿ ಹಿಂದೆ ಎಲ್ಲೋ ತೆಲುಗಿನಲ್ಲಿ ರೈಲಿನ ಹೆಸರು ಕೂಗುತ್ತಿದ್ದರು. ಮುಂದೆ ಹೆಣ್ಣೊಬ್ಬಳು ಜೋರಾಗಿ ಉಸಿರಾಡುತ್ತಿದ್ದಳು. ಆಮೇಲೆ, ಫೋನಿಗಲ್ಲ, ಪಕ್ಕದವನಿಗೆ ಹೇಳಿದಳು.

"ಎತ್ಯಾರ್ರಿ."

ಆಮೇಲೆ ಗಂಡಸಿನ ದನಿ, "ನಡಿ ಮತ್ತ."

ಹಿಂದೆಯೇ ಬಂದು ಅರ್ಧಕ್ಕೆ ನಿಲ್ಲಬೇಕಿದ್ದ ಎರಡನೇ ಕರೆ ಬಂದಿರಲಿಲ್ಲ. ನಾನು ಮೋಡೆಮ್ಮಿನ ತಂತಿಯನ್ನು ಕಿತ್ತೆ. ಸಾವುಕಾರರಿಗೆ ಆ ದಿನ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಂದದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಒಬ್ಬ ತುಂಬು ಬಸುರಿಗೆ ನಿಮ್ಮ ಡಬ್ಬಿ ತವರಿಗೆ ಬರಬೇಡ ಎಂದು ಹೇಳಿ ಕಳಿಸಿದೆ ಎಂದೆ. ಅದು ಸ್ವಾಗತ ಅಂತಲ್ಲವೇನು ಹೇಳುವುದು ಎಂದು ಅವರು ನಿಜವಾಗಿಯೂ ಗೊಂದಲದಿಂದ ಕೇಳಿದರು. ಸ್ವಲ್ಪ ಯೋಚಿಸಿ, ಇಂಗ್ಲಿಷಿನಲ್ಲಿ ಇದ್ದುದೇ ತಪ್ಪಾಗಿರಬೇಕು, ನಿನ್ನ ದನಿಯಲ್ಲೇ ಕನ್ನಡದಲ್ಲಿ ರೆಕಾರ್ಡ್ ಮಾಡಿಸೋಣ ಎಂದರು. ಇಂಥವರ ಕೈಗೆ ನಾಳೆಯ ಜಗತ್ತು ಸಿಗುತ್ತದೆ ಎಂಬುದು ಆ ಕ್ಷಣದಲ್ಲಿ ನನಗೆ ಖಚಿತವಾಯಿತು.

ಸುದ್ದಿ ಮುಟ್ಟಿದ ಕೂಡಲೇ ಗುಂಡಮ್ಮ ಬಂದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಕೂಗಾಡಲಿಲ್ಲ. ನೀನು ಎತ್ತಿದೆಯಾ ಎಂದು ಕೇಳಿದಳು, ಇಲ್ಲ ಮಶೀನು ಎತ್ತಿತು ಎಂದೆ. ಪರದೆಯನ್ನು, ತಂತಿಯನ್ನು, ಫೋನನ್ನು ಒಂದು ಸುತ್ತು ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ ಎಂಬುದು ಅವಳ ಮುಖದ ಮೇಲೇ ಇತ್ತು, ಆದರೆ ನನ್ನ ಮಾತನ್ನು ನಂಬಿದಳು. ಆ ಕಾಯಿನ್ ಬಾಕ್ಸಿಗೆ ತಿರುಗಿ ಫೋನು ಮಾಡಿದರೆ ಯಾರೋ ದಾರಿಹೋಕ ಎತ್ತಿದ. ಸುನಿತಾ, ಅಶೋಕರ ಮೇಸ್ತ್ರಿಯ ನಂಬರು ಬಂದ್ ಆಗಿತ್ತು. ಯಾವ ಕಟ್ಟಡ, ಎಲ್ಲಿ ಎಂದು ಕೇಳಲು ಗುಂಡಮ್ಮ ಔರಾದ ಕಡೆಯ ಬೀಗರ ಊರಿಗೆ ಹೋದಳು. ಅವರ ಮನೆಗೆ ಬೀಗ. ಪಕ್ಕದ ಮನೆಗೂ ಬೀಗ. ಆ ಓಣಿಯಲ್ಲಿ ಉಳಿದವಳು ಒಬ್ಬ ಕಿವುಡಿ ಮುದುಕಿ, ಅವಳಿಂದ ಒಂದು ಜಾಗದ ಹೆಸರು ತಿಳಿಯಬೇಕಾದರೆ ಇಡೀ ದಿನ ಹಿಡಿಯಿತು. ಹೀಗೆ ಹೋಗಿ ಬಂದು ಮಾಡುವುದರಲ್ಲಿ ಒಂದು ವಾರ ಕಳೆಯಿತು.

ಹೈದರಾಬಾದಿಗೆ ನಾನೂ ಅವಳ ಜೊತೆ ಹೊರಟೆ. ರಜೆ ಇಲ್ಲ ಎಂದರು ಸಾವುಕಾರರು. ನೌಕರಿಯೇ ಬೇಡ ಎಂದೆ. ನಾನು ಹೋಗಲೇಬೇಕಿತ್ತು. ತಾಯಿ ಎತ್ತಿಲ್ಲ, ಯಂತ್ರ ಎತ್ತಿದೆ ಎಂದು ಆ ಹುಡುಗಿಗೆ ತಿಳಿಯುವ ಹಾಗೆ ಹೇಳಬಲ್ಲವರು ಭಾಲ್ಕಿಯಲ್ಲಿ ನನ್ನನ್ನು ಬಿಟ್ಟರೆ ಇರಲಿಲ್ಲ. ಗುಂಡಮ್ಮನಿಗೆ ಹೆರಿಗೆಯ ಚಿಂತೆಗಿಂತ ಆ ಚಿಂತೆಯೇ ದೊಡ್ಡದಾಗಿತ್ತು. ರೈಲಿನಲ್ಲಿ ಉಂಡಿಯ ಡಬ್ಬಿ, ಹರಳೆಣ್ಣೆಯ ಬಾಟಲಿ, ಕೂಸಿಗೆ ಹಾಸಲು ಮೆತ್ತಗಾದ ಹಳೆಯ ಸೀರೆ, ಎಲ್ಲವನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಸುತ್ತಲೂ ನಮ್ಮ ಕಡೆಯದೇ ಜನ, ಕಾಲಿಡಲು ಜಾಗವಿಲ್ಲ. ತವರು ಕರೆಯಲಿಲ್ಲ ಎಂದು ಅವಳ ಮನಸ್ಸಿನಲ್ಲಿ ಒಮ್ಮೆ ಕೂತರೆ ಸಾಯುವ ತನಕ ಹೋಗುವುದಿಲ್ಲ, ನೀನು ಬಿಡಿಸಿ ಹೇಳಬೇಕವ್ವ ಎಂದು ದಾರಿಯುದ್ದಕ್ಕೂ ನನಗೆ ಹೇಳುತ್ತಲೇ ಇದ್ದಳು. ನಾನು ಧೈರ್ಯ ಕೊಟ್ಟೆ. ಮೋಡೆಮ್ಮು ಎಂದರೇನು ಎಂಬುದನ್ನು ಹಳ್ಳಿಯವರಿಗೆ ತಿಳಿಯುವ ಹಾಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ.

ಲಿಂಗಂಪಲ್ಲಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಹೋದರೆ, ಸಿಕ್ಕಿದ್ದು ಅರ್ಧ ಎದ್ದ ಗಾಜಿನ ಕಟ್ಟಡ. ಮುಂದೆ ದೊಡ್ಡ ಬೋರ್ಡಿನಲ್ಲಿ, ನಾಳೆಯ ತಂತ್ರಜ್ಞಾನ ಇಲ್ಲಿ ಹುಟ್ಟಲಿದೆ ಎಂಬರ್ಥದ ಇಂಗ್ಲಿಷ್ ಸಾಲು. ಅದರ ಹಿಂದೆ ತಗಡಿನ ಜೋಪಡಿಗಳು. ಸುನಿತಾಳ ಜೋಪಡಿಯ ಮುಂದೆ ಹಗ್ಗದ ಮೇಲೆ ಸಣ್ಣ ಬಟ್ಟೆಗಳು ಒಣಗುತ್ತಿದ್ದವು. ಗುಂಡಮ್ಮ ಅದನ್ನು ನೋಡಿದವಳೇ ಅಲ್ಲೇ ನಿಂತುಬಿಟ್ಟಳು.

ಹೆಣ್ಣು ಕೂಸು. ಸರ್ಕಾರಿ ದವಾಖಾನೆಯಲ್ಲಿ ಆಗಿತ್ತು, ತಾಯಿ ಮಗು ಚೆನ್ನಾಗಿದ್ದರು. ಪಕ್ಕದ ಜೋಪಡಿಯ ತೆಲುಗು ಹೆಂಗಸು ಎರೆದು ಹಾಕಿ ಮಾಡುತ್ತಿದ್ದಳು. ಸುನಿತಾ ಬೆಳ್ಳಗೆ ಬಿಳಿಚಿಕೊಂಡಿದ್ದಳು. ತಾಯಿಯನ್ನು ಕಂಡು ನಕ್ಕಳು, ಬಾರವ್ವ ಎಂದಳು, ಚಾಪೆ ಝಾಡಿಸಿದಳು, ನೀರು ಕೊಟ್ಟಳು. ಅವಳು ಅತ್ತಿದ್ದರೆ, ಬೈದಿದ್ದರೆ ಒಳ್ಳೆಯದಿತ್ತು. ಬಂದ ನೆಂಟರನ್ನು ಮಾತಾಡಿಸುವ ಹಾಗೆ ತನ್ನ ತಾಯಿಯನ್ನು ಮಾತಾಡಿಸುತ್ತಿದ್ದಳು.

ಗುಂಡಮ್ಮ ನನ್ನ ಮುಖ ನೋಡಿದಳು. ನಾನು ಶುರು ಮಾಡಿದೆ. ಅಂಗಡಿಯ ಮಾಲಕರು ಹೊಸ ಯಂತ್ರ ತಂದರು, ಅದನ್ನು ಫೋನಿಗೆ ಜೋಡಿಸಿದರೆ ಅದು ತಾನೇ ಎತ್ತುತ್ತದೆ, ನೀನು ಕೇಳಿದ್ದು ಮನುಷ್ಯರ ದನಿಯಲ್ಲ, ಮೊದಲೇ ತುಂಬಿಟ್ಟ ದನಿ, ನಾನು ಆ ದಿನ ಊರಲ್ಲಿರಲಿಲ್ಲ, ನಿಮ್ಮವ್ವ ಎರಡು ಡ್ರಮ್ಮು ನೀರು ಕಾದಿಟ್ಟು ಕೂತಿದ್ದಳು. ಹೇಳುತ್ತ ಹೋದ ಹಾಗೆ ನನ್ನ ಕಿವಿಗೇ ಅದು ಕಟ್ಟಿದ ಕಥೆಯಂತೆ ಕೇಳತೊಡಗಿತು. ಅಶೋಕ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದ. ಕೈಯಿಲ್ಲದ್ದು ಹೇಗೆ ಎತ್ತುತ್ತದೆ ಎಂದು ಮೆಲ್ಲಗೆ ಕೇಳಿದ. ನಾನು ಮತ್ತೆ ಮೊದಲಿನಿಂದ ಹೇಳಿದೆ. ನೆಲದ ಮೇಲೆ ಕಡ್ಡಿಯಿಂದ ತಂತಿ, ಪೆಟ್ಟಿಗೆ, ಫೋನು ಬರೆದು ತೋರಿಸಿದೆ. ಇಬ್ಬರೂ ಮರ್ಯಾದೆಯಿಂದ ನೋಡಿದರು.

ಸುನಿತಾ ನನ್ನ ಕೈ ಹಿಡಿದಳು. "ಅಕ್ಕಾ, ನೀವು ಕಲ್ತವರು. ನಮ್ಮವ್ವನ ಮಾರಿ ಉಳಸ್ಲಿಕ್ಕಿ ಇಷ್ಟು ದೂರ ಬಂದೀರಿ, ನಿಮ್ಮ ಉಪಕಾರ ಅದ. ಆದ್ರ ನನಗ ಸಿಟ್ಟಿಲ್ರಿ. ಊರಾಗ ನೀರಿಲ್ಲಂತ ಎಲ್ಲಾರೂ ಎತ್ಯಾರ. ನಮ್ಮವ್ವ ಭೀ ಎತ್ಯಾಳ."

ಇಲ್ಲ ಎಂದು ನಾನು ಬಾಯಿ ತೆರೆದೆ. ಇಂಥ ಹೊತ್ತಿಗೆ ಯಂತ್ರವೆಂಬುದು ಎಷ್ಟು ನೀಚ ಎಂದು ನನಗನಿಸಿತು. ಅದು ಮಾಡಿದ ತಪ್ಪಿಗೆ ಅದು ಮುಖ ತೋರಿಸುವುದಿಲ್ಲ, ಯಾವುದೋ ಊರಿನ ಪರದೆಯ ಮೇಲೆ ಮೀನಿನ ಪಕ್ಕ ಕುಣಿಯುತ್ತ ಕೂತಿರುತ್ತದೆ. ಇಲ್ಲಿ ಅದರ ಪರವಾಗಿ ನಿಂತವರೇ ಸುಳ್ಳರಾಗುತ್ತಾರೆ. ನನಗೆ ಅಳು ಬಂತು. ನಾನು ಇನ್ನೊಮ್ಮೆ ಹೇಳಲು ಹೊರಟಾಗ ಗುಂಡಮ್ಮ ನನ್ನ ಮೊಣಕೈ ಹಿಡಿದು ತಡೆದಳು.

ಮಗಳ ಕಡೆಗೆ ತಿರುಗಿದಳು. ಮಗಳ ಮುಖದಲ್ಲಿ ಆ ನೆಂಟಸ್ತಿಕೆಯ ನಗು ಇನ್ನೂ ಇತ್ತು.

"ಖರೇ ಅದವ್ವ," ಎಂದಳು ಗುಂಡಮ್ಮ. "ನಾನೇ ಎತ್ತಿಸೀನಿ. ನೀರಿರ್ಲಿಲ್ಲ."

ಸುನಿತಾಳ ನಗು ಹೋಯಿತು. "ಮೊದ್ಲೇ ಹೇಳಿದ್ರ ಆಗ್ತಿತ್ತಲ್ಲವ್ವ," ಎಂದವಳೇ ತಾಯಿಯ ಹೆಗಲಿಗೆ ಬಿದ್ದು, ಅಷ್ಟು ದಿನದಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತಳು. ಗುಂಡಮ್ಮ ಅವಳ ಬೆನ್ನು ಸವರುತ್ತ, ತಪ್ಪಾತವ್ವ, ತಪ್ಪಾತು ಎನ್ನುತ್ತಿದ್ದಳು. ಆಮೇಲೆ ಸುನಿತಾ ಕಣ್ಣೊರೆಸಿಕೊಂಡು, ಚಾಪೆಯ ಮೇಲಿದ್ದ ಕೂಸನ್ನು ಎತ್ತಿ ತಾಯಿಯ ಕೈಗೆ ಕೊಟ್ಟಳು. ಗುಂಡಮ್ಮ ಸೀರೆ ಮೇಲೆ ಸರಿಸಿ, ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎ‌ಣ್ಣೆ ಹಚ್ಚತೊಡಗಿದಳು. ಬಿಸಿನೀರಿನ ಬಕೆಟ್ಟಿನ ಕಡೆಗೆ ನನಗೆ ಕಣ್ಣಸನ್ನೆ ಮಾಡಿದಳು. ನಾನು ಬಾಯಿ ಮುಚ್ಚಿಕೊಂಡು ನೀರು ಹೊಯ್ದೆ.